ಹದಿಮೂರು ಆಗಬೇಕಿತ್ತು

ಸೇಡಂ ಬಸ್ ನಿಲ್ದಾಣದಲ್ಲಿ ಅರುಣಕುಮಾರ ಕಾಗದಗಳ ಫೈಲನ್ನು ನನ್ನ ಕೈಗೆ ಕೊಟ್ಟು, ನನ್ನ ಹಿಂದೆ ನಿಂತಿದ್ದ ಅಪ್ಪನನ್ನು ನೋಡಿ ಗಾಬರಿಯಾದ.

"ಕಾಕಾನೂ ಬರಾಕತ್ತಾರೇನು?"

ಪ್ರಶ್ನೆ ನನಗೆ ಕೇಳಿದ್ದು, ಉತ್ತರ ಕೊಟ್ಟವನು ಅಪ್ಪ. "ಯಾಕ, ಬರಬಾರದೇನು? ಇಪ್ಪತ್ತು ವರ್ಷ ಆಯ್ತು, ಆ ಮನಷ್ಯಾನ ಮಾರಿ ನೋಡಿಲ್ಲ. ಅವನೂ ನನ್ನ ಮಾರಿ ನೋಡ್ಲಿ, ನೋಡಿ ಆಮ್ಯಾಲ ಸಹಿ ಮಾಡ್ಲಿ."

ಅಪ್ಪನ ಹೆಸರು ಅಂಬಾರಾಯ. ಅವನಿಗೆ ಎಡಗಣ್ಣಿಲ್ಲ, ಎಡಗೈಯಲ್ಲಿ ಎರಡೇ ಬೆರಳು. ಉಳಿದದ್ದೆಲ್ಲ ರಾವೂರಿನ ಹತ್ತಿರದ ಒಂದು ಸಣ್ಣ ಕಲ್ಲಿನ ಗಣಿಯಲ್ಲಿ ಹೋಯಿತು, 2005ರ ದೀಪಾವಳಿ ಮುಗಿದ ವಾರ. ಆ ಗಣಿಯಲ್ಲಿ ಮದ್ದು ಹಾರಿಸುವ ಕೆಲಸ ಹಣಮಪ್ಪನದು. ಅವನ ಸಹಿಗಾಗಿಯೇ ನಾವು ಕೊಡ್ಲಿಗೆ ಹೊರಟಿದ್ದೆವು.

"ಕಾಕಾ, ಜಗಳ ಮಾಡಬ್ಯಾಡ್ರಿ," ಎಂದ ಅರುಣ. "ಸಂಜಿ ಐದರ ಒಳಗ ಸಹಿ ಮಾಡಿದ ಕಾಗದದ ಫೋಟೋ ಹೈದರಾಬಾದಿಗೆ ಮುಟ್ಟಬೇಕು. ಜಗಳ ಬೇಕಾದ್ರ ಐದೂಕಾಲಿಗೆ ಸುರು ಮಾಡ್ರಿ."

ಅಪ್ಪ ನಗಲಿಲ್ಲ.

ನಾನು ಚಿತ್ತಾಪುರದ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಅರುಣ ಕಂಪ್ಯೂಟರ್ ಕೆಲಸದವನು. ಮೂರು ವರ್ಷದ ಹಿಂದೆ ಇಬ್ಬರೂ ಸೇರಿ ಮೊಬೈಲಿನಲ್ಲಿ ಆಡುವ ಒಂದು ಆಟ ಮಾಡಿದೆವು. ಪ್ರೋಗ್ರಾಂ ಅವನದು, ಚಿತ್ರಗಳು ಮತ್ತು ನಿಯಮಗಳು ನನ್ನವು. ಒಬ್ಬ ಹುಡುಗಿ ಬುತ್ತಿಯ ಗಂಟು ಹಿಡಿದು ಕಲ್ಲಿನ ಗಣಿಯಲ್ಲಿ ಅಪ್ಪನ ಹತ್ತಿರ ಓಡಬೇಕು. ತಗಡಿನ ಕೆಳಗೆ ಕೆಂಪು ರುಮಾಲಿನ ಮುದುಕನೊಬ್ಬ ಕೋಲು ಹಿಡಿದು ಕುಳಿತಿರುತ್ತಾನೆ. ಒಂದರಿಂದ ಹನ್ನೆರಡರವರೆಗೆ ಎಣಿಸುತ್ತಾನೆ. ಎಣಿಕೆ ಮುಗಿದಾಗ ಹುಡುಗಿ ಬಯಲಿನಲ್ಲಿದ್ದರೆ ಎದ್ದು ಬಂದು ಹಿಡಿಯುತ್ತಾನೆ. ನಾವು ಅವನಿಗೆ ಹೆಸರೂ ಇಟ್ಟಿರಲಿಲ್ಲ. ನಮ್ಮ ಕಡತದಲ್ಲಿ ಅವನು ಬರೀ 'ವಿಲನ್'.

ಹೆಸರಿಟ್ಟವರು ಆಡುವವರು: ಎಣಿಸೋ ಮುತ್ಯಾ. ಆರು ತಿಂಗಳಲ್ಲಿ ಹುಡುಗಿಯನ್ನು ಎಲ್ಲರೂ ಮರೆತರು. ಶಹಾಬಾದಿನ ಒಂದು ಕಾಲೇಜಿನ ಕಾರ್ಯಕ್ರಮದಲ್ಲಿ ನಾಲ್ಕು ಹುಡುಗಿಯರು ಕೆಂಪು ರುಮಾಲು ಸುತ್ತಿಕೊಂಡು ಅವನಂತೆ ಎಣಿಸಿ ಕುಣಿದರು. ನಮಗೆ ಬರುತ್ತಿದ್ದ ಸಂದೇಶಗಳಲ್ಲಿ ಒಂದೇ ಪ್ರಶ್ನೆ, ಮುತ್ಯಾ ಯಾಕ ಎಣಿಸ್ತಾನ? ಹೈದರಾಬಾದಿನ ಒಂದು ಕಂಪನಿ ಎರಡನೆಯ ಆಟಕ್ಕೆ ಒಪ್ಪಿತು. ಅದರಲ್ಲಿ ಮುತ್ಯಾನೇ ನಾಯಕ. ಅವನು ಹೀಗೆ ಹೇಗಾದ ಎಂಬುದೇ ಆಟದ ಕಥೆ. ಅಷ್ಟರಲ್ಲಿ ಅರುಣ ಯಾರೋ ಸಂದರ್ಶನ ಮಾಡಿದಾಗ ಅಂಥ ಮನುಷ್ಯ ನಿಜಕ್ಕೂ ಇದ್ದಾನೆಂದು ಬಾಯಿಬಿಟ್ಟ. ಕಂಪನಿಯ ವಕೀಲರು ಆ ಮನುಷ್ಯನ ಒಪ್ಪಿಗೆ ಬೇಕೆಂದರು. ಕಥೆಯನ್ನೂ ಅವನಿಗೆ ಓದಿ ಹೇಳಿ ಸಹಿ ಹಾಕಿಸಬೇಕು, ಶುಕ್ರವಾರ ಐದರೊಳಗೆ. ಇಲ್ಲವಾದರೆ ಕಂಪನಿ ಬೇರೆ ಆಟ ಹಿಡಿಯುತ್ತದೆ.

ಆಟ ಕೈತಪ್ಪಿದರೆ ನನಗೆ ದುಃಖವಾಗುತ್ತಿತ್ತು. ಆದರೆ ಕೊಡ್ಲಿಯ ಬಸ್ಸಿನಲ್ಲಿ ನಾನು ಹೆದರಿದ್ದು ಅದಕ್ಕಲ್ಲ. ಮುತ್ಯಾ ಹೇಗೆ ವಿಲನ್ ಆದ ಎಂಬುದು ಜಗತ್ತಿನಲ್ಲಿ ಒಬ್ಬಳಿಗೇ ಗೊತ್ತಿತ್ತು, ನನಗೆ. ಪಕ್ಕದಲ್ಲಿ ಕುಳಿತ ಅಪ್ಪನಿಗೂ ಗೊತ್ತಿರಲಿಲ್ಲ.

ಆ ಗಣಿಯಲ್ಲಿ ಮಧ್ಯಾಹ್ನ ಮದ್ದು ಹಾರಿಸುತ್ತಿದ್ದರು. ಬಂಡೆಯಲ್ಲಿ ಹನ್ನೆರಡು ತೂತು, ಪ್ರತಿಯೊಂದಕ್ಕೂ ಬತ್ತಿ. ಒಂದರ ಹಿಂದೊಂದು ಸಿಡಿಯಲಿ ಎಂದು ಬತ್ತಿಗಳ ಉದ್ದ ಬೇರೆ ಬೇರೆ. ಹಣಮಪ್ಪ ಬತ್ತಿ ಹಚ್ಚಿ ಓಡಿಬಂದು ತಗಡಿನ ಕೆಳಗೆ ಕುಳಿತು ಸಪ್ಪಳಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದ. ಹನ್ನೆರಡಾದರೆ ಸೀಟಿ ಊದುತ್ತಿದ್ದ, ಆಳುಗಳು ಒಳಗೆ ಹೋಗುತ್ತಿದ್ದರು. ಹನ್ನೊಂದಾದರೆ ಯಾವುದೋ ತೂತಿನಲ್ಲಿ ಮದ್ದು ಸಿಡಿಯದೆ ಉಳಿದಿದೆ ಎಂದರ್ಥ. ಆಗ ಒಂದು ತಾಸು ಯಾರೂ ಗಣಿಯ ಸುತ್ತ ಕಟ್ಟಿದ ಹಗ್ಗ ದಾಟುವಂತಿಲ್ಲ.

ಹಗ್ಗದ ಹೊರಗೆ ಬುತ್ತಿ ಹಿಡಿದು ನಿಲ್ಲುವವರು ನಾವು, ಶಾಲೆಯ ಮಕ್ಕಳು. ಅಂಥ ದಿನ ಬಿಸಿಲಲ್ಲಿ ನಿಂತು, ತಡವಾಗಿ ಶಾಲೆಗೆ ಹೋಗಿ, ಗುರುಗಳ ಕೈಯಲ್ಲಿ ಏಟು ತಿನ್ನಬೇಕು. ಹಗ್ಗ ದಾಟಿದರೆ ಹಣಮಪ್ಪನ ಕೋಲು ಮೀನಖಂಡಕ್ಕೆ ಬೀಳುತ್ತಿತ್ತು. ಒಮ್ಮೆ ನನಗೂ ಬಿತ್ತು. ನನಗಾಗ ಹತ್ತು ವರ್ಷ.

ದೀಪಾವಳಿಯಲ್ಲಿ ಉಳಿದ ಒಂದು ಸುತಳಿ ಬಾಂಬ್ ನನ್ನ ಹತ್ತಿರ ಇತ್ತು. ಹಣಮಪ್ಪ ಹದಿಮೂರು ಎಣಿಸಬೇಕು ಎಂಬುದು ನನ್ನ ಆಸೆ. ಹನ್ನೆರಡು ತೂತಿಗೆ ಹದಿಮೂರು ಸಪ್ಪಳ ಬಂದರೆ ಆ ಮುದುಕ ಏನು ಮಾಡುತ್ತಾನೆ, ಎಲ್ಲರೆದುರು ಹೇಗೆ ತಲೆ ಕೆರೆದುಕೊಳ್ಳುತ್ತಾನೆ ಎಂದು ನೋಡಬೇಕಿತ್ತು. ಕಲ್ಲಿನ ಗುಡ್ಡೆಯ ಹಿಂದೆ ಖಾಲಿ ಡಬ್ಬಿಯೊಳಗೆ ಬಾಂಬ್ ಇಟ್ಟೆ. ಆರನೆಯ ಸಪ್ಪಳ ಕೇಳಿದ ಕೂಡಲೇ ಕಡ್ಡಿ ಗೀರಿದೆ. ಮುಂದಿನದು ನನ್ನದು. ಓಡಿ ಬಂದು ಹಗ್ಗದ ಹತ್ತಿರ ಉಳಿದ ಮಕ್ಕಳೊಡನೆ ನಿಂತು ಎಣಿಸಿದೆ. ಹತ್ತು, ಹನ್ನೊಂದು, ಹನ್ನೆರಡು.

ಹದಿಮೂರನೆಯದು ಬರಲಿಲ್ಲ. ಹಣಮಪ್ಪ ಎದ್ದು ಸೀಟಿ ಊದಿದ.

ನಾಲ್ಕನೆಯ ಈಯತ್ತೆಯ ಕಳೆಯುವ ಲೆಕ್ಕ ಅದು. ಹನ್ನೆರಡರಲ್ಲಿ ನನ್ನದೊಂದು ಕಳೆದರೆ ಹನ್ನೊಂದು. ಒಂದು ತೂತು ಸಿಡಿದಿಲ್ಲ. ನನಗೆ ಅಲ್ಲೇ ತಿಳಿಯಿತು. ಹೇಳಿದರೆ ಕೋಲು, ಶಾಲೆಯಲ್ಲಿ ಏಟು, ಮನೆಯಲ್ಲಿ ಮತ್ತೊಂದು. ನಾನು ಬಾಯಿ ತೆರೆಯಲಿಲ್ಲ. ಅಪ್ಪ ಹಾರೆ ತೆಗೆದುಕೊಂಡು ಒಳಗೆ ಹೋದ.

ಹಣಮಪ್ಪ ತಪ್ಪೆಣಿಸಿದ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಅವನ ಪರವಾನಗಿ ಹೋಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಲೆಕ್ಕ ಬಾರದವನು ಎಂದರೆ ಹಣಮಪ್ಪ. ಅಪ್ಪ ಅವನ ದನಿಯನ್ನು ಅಣಕಿಸಿ ಎಣಿಸಿ ತೋರಿಸುತ್ತಿದ್ದ. ನಾನು ಆ ಅಣಕವನ್ನೇ ರೆಕಾರ್ಡ್ ಮಾಡಿ ಆಟದಲ್ಲಿ ಹಾಕಿದೆ. ಯಾರನ್ನಾದರೂ ಕೆಟ್ಟವನನ್ನಾಗಿ ಮಾಡಲೇಬೇಕಿತ್ತು ನಾನು. ಅವನು ಆಗಲೇ ಆಗಿದ್ದ.

ಕೊಡ್ಲಿಯಲ್ಲಿ ಇಳಿದಾಗ ಹನ್ನೆರಡೂಮುಕ್ಕಾಲು. ಹಣಮಪ್ಪ ಮಗಳು ದಾನಮ್ಮನ ಮನೆಯಲ್ಲಿದ್ದ. ಅಂಗಳದಲ್ಲಿ ತೊಗರಿ ಕಟ್ಟಿಗೆಯ ಬಣವೆ, ಬಾಗಿಲಲ್ಲಿ ಎರಡು ಮೇಕೆ. ದಾನಮ್ಮ ನಗುತ್ತ ಹೊರಬಂದಳು.

"ಬರ್ರಿ, ಒಳಗ ಬರ್ರಿ. ಫೋನ್ ಮಾಡಿದವರು ನೀವೇ ಅಲ್ಲ? ಅಪ್ಪಾ, ರಾವೂರಿನವರು ಬಂದಾರ ನೋಡು."

ಹಣಮಪ್ಪ ಗೋಡೆಗೆ ಒರಗಿ ಕುಳಿತಿದ್ದ. ನಾನು ಚಿತ್ರಿಸಿದ ಮುದುಕನಿಗಿಂತ ಬಹಳ ಸಣ್ಣ ಆಳು. ರುಮಾಲು ಇರಲಿಲ್ಲ, ಬೋಳುತಲೆ, ಬರಿಗಾಲು. ಅವನು ನನ್ನನ್ನು ದಾಟಿ ಅಪ್ಪನನ್ನು ನೋಡಿದ. ಆ ಕಣ್ಣಿಲ್ಲದ ಜಾಗ ನೋಡಿದ, ಕೈ ನೋಡಿದ.

"ಅಂಬಾರಾಯ," ಎಂದ. "ಕುಂದ್ರು."

"ಕುಂದ್ರಾಕ ಬಂದಿಲ್ಲ."

"ಬೈಯ್ಯೋದು ಭಾಳ ಇರಬೇಕು. ನಿಂತ್ರ ಕಾಲು ನೋಯ್ತಾವ. ಕುಂತು ಬೈ."

ಅಪ್ಪ ಹೊಸ್ತಿಲ ಹತ್ತಿರ, ಮನೆಯ ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗದಲ್ಲಿ ಕುಳಿತ. ದಾನಮ್ಮ ಕೊಟ್ಟ ಚಹಾವನ್ನು ಮುಟ್ಟಲಿಲ್ಲ.

"ಅಪ್ಪನ ಆಟ ನಾನೂ ಆಡೀನ್ರಿ," ಎಂದಳು ದಾನಮ್ಮ, ವಾತಾವರಣ ತಿಳಿಯಾಗಲಿ ಎಂಬಂತೆ. "ಎಂಟನೇ ಹಂತದ ತನಕ ಹೋಗ್ತೀನಿ, ಆಮ್ಯಾಲ ಹಿಡಿತಾನ. ನಮ್ಮಪ್ಪಗ ತೋರಿಸಿಲ್ಲ. ಹುಡುಗಿ ಹಿಂದ ಕೋಲು ಹಿಡಕೊಂಡು ಓಡ್ತಾನಲ್ಲ, ನೋಡಿ ಬೇಜಾರ ಮಾಡ್ಕೋತಾನ ಅಂತ."

"ತೋರಿಸು," ಎಂದ ಹಣಮಪ್ಪ.

ದಾನಮ್ಮ ಫೋನು ತೆಗೆದಳು. ತೆರೆಯ ಮೇಲೆ ಹುಡುಗಿ ಓಡಿದಳು, ಫೋನು ಎಣಿಸತೊಡಗಿತು. "ಒಂದ... ಎರಡ... ಮೂರ..." ಹಣಮಪ್ಪ ಚಿತ್ರ ನೋಡಲಿಲ್ಲ, ಕಿವಿ ಕೊಟ್ಟ. "ಏಳ..." ಎಂದು ಫೋನು ಒಂದು ಕ್ಷಣ ನಿಂತಿತು. ಆಮೇಲೆ ಎಂಟು.

"ಇದು ನಿನ್ನ ದನಿ," ಎಂದ ಹಣಮಪ್ಪ, ಅಪ್ಪನಿಗೆ.

"ಹೂಂ. ನೀ ಎಣಿಸಿದಂಗೇ ಎಣಿಸೀನಿ."

"ಏಳರ ಮ್ಯಾಲ ಯಾಕ ತಡದಿ?"

"ನೀ ತಡದಿದ್ದಿ ಅವತ್ತು. ಹಗ್ಗದ ಹತ್ರ ನಿಂತು ಕೇಳೀನಿ ನಾ. ಏಳು ಅಂದಿ, ಆಮ್ಯಾಲ ದಮ್ಮು ಹಿಡಿದಿ. ಅಲ್ಲೇ ಲೆಕ್ಕ ತಪ್ಪೀದಿ."

ಹಣಮಪ್ಪನ ಮುಖ ಬಿಗಿಯಾಯಿತು. ಫೋನಿನ ಆ ದನಿಯನ್ನು ನಾನು ನೂರಾರು ಸಲ ಕೇಳಿದ್ದೇನೆ, ಕತ್ತರಿಸಿ ಜೋಡಿಸಿದ್ದೇನೆ. ಏಳರ ನಂತರದ ತಡೆಯನ್ನು ಅಪ್ಪನ ನಾಟಕ ಅಂದುಕೊಂಡಿದ್ದೆ. ಏಳನೆಯದು ನನ್ನದು. ಈ ಮನುಷ್ಯ ಏನನ್ನೋ ಗುರುತಿಸಿದ್ದ.

"ಕಥಿ ಓದ್ರಿ," ಎಂದಳು ದಾನಮ್ಮ ಅವಸರದಲ್ಲಿ. "ಬಸ್ಸು ಮೂರಕ್ಕ ಅದ."

ನಾನು ಕಂಪನಿ ಬರೆಸಿದ ಕಥೆ ಓದಿದೆ. ಮುದುಕನ ಒಬ್ಬನೇ ಮಗ ಗಣಿಯ ಸ್ಫೋಟದಲ್ಲಿ ಸಾಯುತ್ತಾನೆ. ಅಂದಿನಿಂದ ಮುದುಕ ಹುಚ್ಚನಂತೆ ಎಣಿಸುತ್ತಾನೆ, ಸಿಕ್ಕ ಮಕ್ಕಳನ್ನೆಲ್ಲ ಹೊರಗೆ ಅಟ್ಟುತ್ತಾನೆ.

"ನನಗ ಮಗನೇ ಇಲ್ಲ," ಎಂದ ಹಣಮಪ್ಪ. "ಇಲ್ಲದ ಮಗನ ಯಾಕ ಸಾಯಿಸ್ತೀರಿ?"

"ನಾ ಒಬ್ಬಾಕಿನೇ," ಎಂದಳು ದಾನಮ್ಮ. "ಸಾಯಿಸಲೇಬೇಕಂದ್ರ ನನ್ನ ಸಾಯಿಸ್ರಿ, ಆದ್ರ ಚೆಂದಂದು ಸೀರಿ ಉಡಿಸಿ ಸಾಯಿಸ್ರಿ."

"ಖರೇ ಬರೀಬೇಕಲ್ಲ," ಎಂದ ಅಪ್ಪ. ಅವನ ದನಿಯಲ್ಲಿ ನಗು ಇರಲಿಲ್ಲ. "ಒಮ್ಮಿ ಲೆಕ್ಕ ತಪ್ಪಿದ, ಒಬ್ಬನ ಜಿಂದಗಿ ಹಾಳು ಮಾಡಿದ, ಅದಕ್ಕ ಈಗ ಎಣಿಸಕೋತ ಕುಂತಾನ ಅಂತ ಬರಿ ಸುನಿತಾ. ಹೀರೋ ಮಾಡ್ತಾರಂತ ಹೀರೋ! ಬರಿ, ಇವನ ಮುಂದೇ ಬರಿ."

ದಾನಮ್ಮ ಸಿಟ್ಟಿನಿಂದ ತಿರುಗಿದಳು. ಹಣಮಪ್ಪ ಕೈಯೆತ್ತಿ ಅವಳನ್ನು ತಡೆದ.

"ಬರಿ ಯವ್ವಾ. ಅಂಬಾರಾಯ ಹೇಳಿದಂಗ ಬರಿ. ಲೆಕ್ಕ ತಪ್ಪಿದ್ದು ಖರೇನೇ ಅದ. ಎಲ್ಲಿ ಸಹಿ ಮಾಡ್ಲಿ, ಪೆನ್ನು ಕೊಡು."

ಗಂಟೆ ಒಂದೂವರೆ. ಫೋನಿನಲ್ಲಿ ಅರುಣನ ಮೂರು ಸಂದೇಶಗಳು ಬಂದು ಕುಳಿತಿದ್ದವು. ಹಣಮಪ್ಪನ ಕೈ ಕಾಗದದ ಮೇಲಿತ್ತು, ಪೆನ್ನಿಗಾಗಿ ಬೆರಳು ಚಾಚಿತ್ತು. ನಾನು ಪೆನ್ನು ಕೊಟ್ಟರೆ ಎಲ್ಲ ಮುಗಿಯುತ್ತಿತ್ತು. ಆಟ ಉಳಿಯುತ್ತಿತ್ತು, ಅಪ್ಪನ ಸಿಟ್ಟು ತಣಿಯುತ್ತಿತ್ತು, ನಾನು ಉಳಿಯುತ್ತಿದ್ದೆ. ಆ ಮನುಷ್ಯ ತಾನು ಮಾಡದ ತಪ್ಪಿಗೆ ತನ್ನ ಕೈಯಾರೆ ಸಹಿ ಹಾಕುತ್ತಿದ್ದ, ಅಷ್ಟೇ.

ಕಾಗದವನ್ನು ನನ್ನ ಕಡೆಗೆ ಎಳೆದುಕೊಂಡೆ.

"ಲೆಕ್ಕ ತಪ್ಪಿರಲಿಲ್ರಿ," ಎಂದೆ.

"ಏನಂತಿ?" ಎಂದ ಅಪ್ಪ.

"ಹನ್ನೆರಡು ಸಪ್ಪಳ ಆಗಿದ್ವು. ಇವರು ಸರಿ ಎಣಿಸಿದ್ರು. ಅದರಾಗ ಒಂದು ನಂದು."

ಕುಳಿತು ಹೇಳಲು ಆಗಲಿಲ್ಲ, ಎದ್ದು ನಿಂತೆ. ಸುತಳಿ ಬಾಂಬ್, ಡಬ್ಬಿ, ಕಲ್ಲಿನ ಗುಡ್ಡೆ, ಹದಿಮೂರು ಆಗಲಿ ಅಂದುಕೊಂಡದ್ದು, ಸೀಟಿ ಕೇಳಿದಾಗ ತಿಳಿದದ್ದು, ತಿಳಿದೂ ಸುಮ್ಮನಿದ್ದದ್ದು. ತರಗತಿಯಲ್ಲಿ ಪ್ರಯೋಗ ವಿವರಿಸುವ ಹಾಗೆ ಒಂದರ ಹಿಂದೆ ಒಂದು ಹೇಳಿದೆ, ಹಾಗಲ್ಲದಿದ್ದರೆ ಹೇಳಲು ಬರುತ್ತಿರಲಿಲ್ಲ. ಅಪ್ಪನ ಕಡೆ ನೋಡಲಿಲ್ಲ.

ಮೊದಲು ಬಾಯಿಬಿಟ್ಟವಳು ದಾನಮ್ಮ. "ಇಪ್ಪತ್ತು ವರ್ಷ," ಎಂದಳು. "ಇಪ್ಪತ್ತು ವರ್ಷ ಬಾಯಾಗ ಏನ ಇಟ್ಕೊಂಡಿದ್ರಿ? ನಮ್ಮವ್ವ ಸಾಯೋ ತನಕ ಲೆಕ್ಕ ಬಾರದವನ ಹೆಣ್ತಿ ಅಂತ ಅನ್ನಿಸಿಕೊಂಡಳು. ಈಗ ಕಾಗದಕ್ಕ ಸಹಿ ಬೇಕಾದಾಗ ನೆಪ್ಪಾಯ್ತು?"

"ಎಷ್ಟನೇದು?" ಎಂದು ಕೇಳಿದ ಹಣಮಪ್ಪ.

"ಏಳನೇದು."

ಅವನು ಬರಿಗಾಲುಗಳನ್ನು ನೆಲದ ಫರ್ಸಿ ಕಲ್ಲಿನ ಮೇಲೆ ಜೋಡಿಸಿಟ್ಟುಕೊಂಡು ಅವನ್ನೇ ನೋಡಿದ.

"ನಾ ಕಿವಿಲೆ ಎಣಿಸ್ತಿರಲಿಲ್ಲ," ಎಂದ. "ಕಾಲಿಲೆ ಎಣಿಸ್ತಿದ್ದೆ. ಮದ್ದು ಹಾರಿದ್ರ ಮೊದಲ ಅಂಗಾಲಿಗೆ ಬಡಿತದ, ಆಮ್ಯಾಲ ಕಿವಿಗಿ. ಅದಕ್ಕ ಕೆರ ತೆಗದು ಕುಂದ್ರತಿದ್ದೆ. ಅವತ್ತು ಸಾಹೇಬರು ಬರ್ತಾರಂತ ಎಲ್ಲಾರಿಗೂ ಹೊಸ ಬೂಟ ಕೊಟ್ಟಿದ್ರು. ತೆಗೀಬ್ಯಾಡ ಅಂತ ಮ್ಯಾನೇಜರ ಹೇಳಿದ್ದ."

ಕಲ್ಲಿನಲ್ಲಿ ಸದ್ದು ಗಾಳಿಗಿಂತ ಹತ್ತು ಪಟ್ಟು ವೇಗವಾಗಿ ಹೋಗುತ್ತದೆ. ಪ್ರತಿ ವರ್ಷ ಅದನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಡಬ್ಬಿಯೊಳಗಿನ ಬಾಂಬ್ ಗಾಳಿಯಲ್ಲಿ ಸಿಡಿದದ್ದು, ಬಂಡೆಯಲ್ಲಲ್ಲ. ಅವನ ಕಾಲಿಗೆ ಏನೂ ಮುಟ್ಟಿರಲಿಕ್ಕಿಲ್ಲ.

"ಏಳಕ್ಕ ಕಿವಿ ಹೌದು ಅಂತು, ಕಾಲು ಇಲ್ಲ ಅಂತು," ಎಂದು ಅವನು ಮುಂದುವರಿಸಿದ. "ಬೂಟಿನ ಸಲುವಾಗಿ ಅಂತ ಅನ್ಕೊಂಡೆ. ಆದ್ರ ಸಂಶೆ ಇತ್ತು ಅಂಬಾರಾಯ. ಒಂದ ತಾಸು ತಡೀಬೇಕಿತ್ತು. ಎಲ್ಲಾರೂ ಹಸಿದು ನಿಂತಿದ್ರಿ, ಮ್ಯಾನೇಜರ ಗಡಿಯಾರ ನೋಡಾಕತ್ತಿದ್ದ. ಸೀಟಿ ಊದಿಬಿಟ್ಟೆ. ಸಂಶೆ ಇದ್ದೂ ಊದಿದೆ ಅಂತ ವಿಚಾರಣಿಯಾಗ ಹೇಳಲಿಲ್ಲ. ಲೆಕ್ಕ ತಪ್ಪೀನಿ ಅಂತ ಒಪ್ಪಿಕೊಳ್ಳೋದು ಹಗುರ ಅನಿಸ್ತು."

ಆಗ ಅಪ್ಪ ಎದ್ದ. ನನ್ನನ್ನೂ ನೋಡಲಿಲ್ಲ, ಹಣಮಪ್ಪನನ್ನೂ ನೋಡಲಿಲ್ಲ. ಮೇಕೆಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದ. ಮುಟ್ಟದ ಚಹಾದ ಮೇಲೆ ಕೆನೆ ಕಟ್ಟಿತ್ತು.

ನಾನು ಕಾಗದಗಳನ್ನು ಫೈಲಿನೊಳಗೆ ಹಾಕತೊಡಗಿದೆ. "ತಾ ಇಲ್ಲಿ," ಎಂದ ಹಣಮಪ್ಪ. "ಇದೆಲ್ಲಾ ಆಟದಾಗ ಹಾಕ್ತಿ?"

"ನೀವು ಹೂಂ ಅಂದ್ರ ಹಾಕ್ತೀನ್ರಿ."

"ಹುಡುಗಿನ ಹಾಕು. ಬೂಟೂ ಹಾಕು, ನನ್ನ ಸಂಶೆನೂ ಹಾಕು. ಬರೇ ಹುಡುಗಿನ ಹಾಕಿದ್ರ ಅದೂ ಸುಳ್ಳೇ ಆಗ್ತದ."

ಇಲ್ಲದ ಮಗನ ಸಾಲುಗಳ ಮೇಲೆ ಅವನೇ ಗೀಟು ಎಳೆದ. ಅಂಚಿನಲ್ಲಿ ಅವನು ಹೇಳಿದ್ದನ್ನು ನಾನು ಬರೆದೆ, ದಾನಮ್ಮ ಓದಿ ನೋಡಿದಳು. ಕೆಳಗೆ ಅವನು ನಿಧಾನವಾಗಿ ಹೆಸರು ಬರೆದ. ನಾನು ಹೊರಡುವಾಗ ದಾನಮ್ಮ ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅಪ್ಪ ಬಸ್ ನಿಲ್ಲುವ ಜಾಗದಲ್ಲಿ ಕಲ್ಲಿನ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಜಾಗವಿದ್ದರೂ ನಾನು ನಿಂತೇ ಇದ್ದೆ. ಎರಡೂ ಇಪ್ಪತ್ತಕ್ಕೆ ಅರುಣನ ಫೋನ್ ಬಂತು.

"ಆಯ್ತೇನು?"

"ಸಹಿ ಆಗ್ಯದ. ಕಥಿ ಬದಲಾಗ್ಯದ."

ಸಂಕ್ಷೇಪವಾಗಿ ಹೇಳಿದೆ.

"ಸುನಿತಾ," ಎಂದ ಅರುಣ, "ಇದು... ಕಾಕಾಗ ಗೊತ್ತಾಯ್ತೇನು?"

"ಬಾಜೂಕೇ ಕುಂತಾರ."

"ಕಂಪನಿಯವರು ಬ್ಯಾಡ ಅನ್ನಬಹುದು ನೋಡು. ಮಗ ಸತ್ತ ಅಂದ್ರ ಜನ ಅಳ್ತಾರ. ಇದನ್ನ ಆಡಿ ಜನ ಏನ್ ಮಾಡಬೇಕು?"

"ನಂಗ ಗೊತ್ತಿಲ್ಲ. ಬ್ಯಾಡ ಅಂದ್ರ ಅನ್ಲಿ. ನೀ ಮೊದಲನೇ ದೃಶ್ಯ ಬರಕೋ. ಐದರ ಒಳಗ ಕಳಸಬೇಕಲ್ಲ."

ಅವನು ಕೀಲಿಮಣೆ ಎಳೆದುಕೊಂಡದ್ದು ಕೇಳಿಸಿತು. ನಾನು ಹೇಳುತ್ತ ಹೋದೆ. ತಗಡು, ಹೊಸ ಬೂಟು, ಹನ್ನೆರಡು ಬತ್ತಿ, ಗುಡ್ಡೆಯ ಹಿಂದಿನ ಹುಡುಗಿ. "ಸೀಟಿ ಊದ್ತಾನ. ಅದಾದ ಮ್ಯಾಲ ನಾಕು ನಿಮಿಷಕ್ಕ ಉಳಿದ ಮದ್ದು ಹಾರತದ."

"ಆರು," ಎಂದ ಅಪ್ಪ.

ನಾನು ತಿರುಗಿ ನೋಡಿದೆ. ಅವನು ರಸ್ತೆ ನೋಡುತ್ತಿದ್ದ.

"ನಾ ಕಟ್ಟಿ ಮ್ಯಾಲ ಕುಂತು ಒಂದು ಬೀಡಿ ಸೇದಿ ಒಳಗ ಹೋದೆ. ನಾಕಲ್ಲ, ಆರು. ಬರಿಯೋದಾದ್ರ ಖರೇ ಬರಿ."

"ಆರು ನಿಮಿಷ," ಎಂದು ಫೋನಿನಲ್ಲಿ ತಿದ್ದಿದೆ.

"ಆರು ನಿಮಿಷ ಭಾಳ ಆಯ್ತಲ್ಲ," ಎಂದ ಅರುಣ. "ಅಷ್ಟೊತ್ತು ಹುಡುಗಿ ಏನ್ ಮಾಡ್ತಾಳ?"

ಅವನ ದನಿ ಅಪ್ಪನಿಗೂ ಕೇಳಿಸಿರಬೇಕು. ಅಪ್ಪ ಈಗ ಮೊದಲ ಸಲ ನನ್ನ ಕಡೆ ಮುಖ ಮಾಡಿ, ಇದ್ದ ಒಂದು ಕಣ್ಣಿನಿಂದ ನನ್ನನ್ನು ನೋಡುತ್ತ ಉತ್ತರಕ್ಕೆ ಕಾದ.

"ಬುತ್ತಿ ಹಿಡಕೊಂಡು ನಿಂತಿರ್ತಾಳ," ಎಂದೆ.